ಮತ ತಾನಾಗಿ ಬರುತ್ತದೆ, ಕಾರ್ಯಕರ್ತ ಬರುವುದಿಲ್ಲ

ಕಾರ್ಯಕರ್ತ: ಮಾಸ್ಟ್ರೇ, ತೋಡಾರಿನಲ್ಲಿ ಕೂತು ಪುತ್ತೂರಿನ ಲೆಕ್ಕ ಹಾಕುವುದು ಯಾಕೆ ಅಂತ ನೀವು ಕೇಳಬಹುದು. ನಮ್ಮದು ಮೂಲ್ಕಿ–ಮೂಡುಬಿದಿರೆ ಕ್ಷೇತ್ರ. 2018ರಲ್ಲೂ 2023ರಲ್ಲೂ ಉಮಾನಾಥ ಕೋಟ್ಯಾನರೇ ಗೆದ್ದರು. ಆದರೂ ಬಂಡಾಯದ ಮಾತು ಬಂದರೆ ಇಲ್ಲಿನವರಿರಲಿ, ಬಂಟ್ವಾಳ, ಬೆಳ್ತಂಗಡಿಯವರಿರಲಿ, ಮೊದಲು ಎತ್ತುವುದು ಪುತ್ತೂರನ್ನೇ. 2023ರ ಮೇ ತಿಂಗಳಲ್ಲಿ ಅರುಣ್ ಕುಮಾರ್ ಪುತ್ತಿಲ ಅಲ್ಲಿ ಪಕ್ಷೇತರರಾಗಿ ನಿಂತು 62,458 ಮತ ತೆಗೆದರು. ಬಿಜೆಪಿಯ ಅಧಿಕೃತ ಅಭ್ಯರ್ಥಿ ಆಶಾ ತಿಮ್ಮಪ್ಪ ಗೌಡರಿಗೆ ಬಂದದ್ದು 37,558. ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ 66,607 ಮತ ಪಡೆದು ಗೆದ್ದರು. ವರ್ಷ ತುಂಬುವ ಮೊದಲೇ, 2024ರ ಮಾರ್ಚಿನಲ್ಲಿ, ಪುತ್ತಿಲ ತಮ್ಮ 'ಪುತ್ತಿಲ ಪರಿವಾರ' ಸಂಘಟನೆಯೊಂದಿಗೆ ಬಿಜೆಪಿ ಸೇರಿದರು. ಆಮೇಲೆ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಬಿಜೆಪಿಯ ಬ್ರಿಜೇಶ್ ಚೌಟ 1,49,208 ಮತಗಳ ಅಂತರದಲ್ಲಿ ಗೆದ್ದರು, ಪುತ್ತೂರಿನಲ್ಲೂ ಬಿಜೆಪಿಗೆ ಮುನ್ನಡೆ ಸಿಕ್ಕಿತು. ತನ್ನ ಅಭ್ಯರ್ಥಿಯನ್ನೇ ಮೂರನೇ ಸ್ಥಾನಕ್ಕೆ ತಳ್ಳಿದ ಅರುವತ್ತು ಸಾವಿರ ಜನರನ್ನು ಒಂದು ಪಕ್ಷ ಹತ್ತು ತಿಂಗಳಲ್ಲಿ ಹೇಗೆ ಒಲಿಸಿಕೊಂಡಿತು?

ಮಾಸ್ಟ್ರು: ಒಲಿಸಿಕೊಳ್ಳಬೇಕಾದರೆ ಅವರು ಮುನಿಸಿಕೊಂಡಿರಬೇಕಲ್ಲ ಮಾರಾಯ. ಆ ಅರುವತ್ತೆರಡು ಸಾವಿರದಲ್ಲಿ ದೊಡ್ಡ ಪಾಲು ಜನ ಪಕ್ಷದ ವಿಚಾರ ಬಿಟ್ಟು ಹೋದವರಲ್ಲ. ಪುತ್ತಿಲ ಹಿಂದುತ್ವದ ಕಾರ್ಯಕರ್ತರೆಂದೇ ಹೆಸರಾದವರು, ಹಿಂದುತ್ವದ ಹೆಸರಿನಲ್ಲೇ ಮತ ಕೇಳಿದರು. ಹಾಲಿ ಶಾಸಕ ಸಂಜೀವ ಮಠಂದೂರರಿಗೆ ಟಿಕೆಟ್ ತಪ್ಪಿತು, ಬೇರೊಬ್ಬರಿಗೆ ಸಿಕ್ಕಿತು, ತಾವು ಬಯಸಿದವರಿಗೆ ಸಿಗಲಿಲ್ಲ ಎನ್ನುವುದು ಆ ಮತದ ಮೂಲ. ಎರಡೂ ಮತ ಕೂಡಿಸಿ ನೋಡು: ಒಂದು ಲಕ್ಷ ದಾಟುತ್ತದೆ, ಗೆದ್ದವರಿಗಿಂತ ಮೂವತ್ತಮೂರು ಸಾವಿರ ಹೆಚ್ಚು. ವಿಧಾನಸಭೆಯಲ್ಲಿ ಮತದಾರನ ಮುಂದೆ ಇದ್ದ ಪ್ರಶ್ನೆ 'ಪುತ್ತೂರಿಗೆ ನಮ್ಮವರು ಯಾರು' ಎಂಬುದು. ಲೋಕಸಭೆಯಲ್ಲಿ ಪ್ರಶ್ನೆ ಬದಲಾಯಿತು, ಪ್ರಧಾನಿ ಯಾರಾಗಬೇಕು ಎಂದಾಯಿತು. ಪ್ರಶ್ನೆ ಬದಲಾದರೆ ಇಂಥ ಮತ ತಾನಾಗಿ ಮನೆಗೆ ಬರುತ್ತದೆ, ಅದಕ್ಕೆ ಯಾರ ಮನವೊಲಿಕೆಯೂ ಬೇಡ. ಸಾಕ್ಷಿ ಬೇಕಾದರೆ ಅದೇ ಚುನಾವಣೆಯ ಶಿವಮೊಗ್ಗ ನೋಡು. ಕೆ.ಎಸ್. ಈಶ್ವರಪ್ಪನವರು ಪುತ್ತಿಲರಿಗಿಂತ ಎಷ್ಟೋ ಪಾಲು ದೊಡ್ಡ ಹೆಸರು, ಉಪಮುಖ್ಯಮಂತ್ರಿಯಾಗಿದ್ದವರು, ರಾಜ್ಯ ಅಧ್ಯಕ್ಷರಾಗಿದ್ದವರು. ಮಗನಿಗೆ ಹಾವೇರಿ ಟಿಕೆಟ್ ತಪ್ಪಿತೆಂದು ಬಂಡೆದ್ದು, ಮೋದಿಯವರ ಹೆಸರು ಹೇಳಿಕೊಂಡೇ ಪಕ್ಷೇತರರಾಗಿ ನಿಂತರು. ಎಂಟು ವಿಧಾನಸಭಾ ಕ್ಷೇತ್ರಗಳ ಲೋಕಸಭಾ ಕ್ಷೇತ್ರದಲ್ಲಿ ಅವರಿಗೆ ಬಂದದ್ದು ಸುಮಾರು ಮೂವತ್ತು ಸಾವಿರ. ಬಿಜೆಪಿಯ ಬಿ.ವೈ. ರಾಘವೇಂದ್ರ ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಅಸಮಾಧಾನಗೊಂಡ ಬೆಂಬಲಿಗರು ಅಲ್ಲಿ ಇರಲಿಲ್ಲವೆಂದಲ್ಲ. ಆ ಚುನಾವಣೆಯಲ್ಲಿ ಅವರಿಗೆ ಆ ಅಸಮಾಧಾನ ಮುಖ್ಯವಾಗಲಿಲ್ಲ.

ಕಾರ್ಯಕರ್ತ: ಹಾಗಾದರೆ ನನಗೆ ಇನ್ನೊಂದು ಅರ್ಥವಾಗುವುದಿಲ್ಲ. ಮತ ತಾನಾಗಿ ಬರುವುದಾದರೆ ಪುತ್ತಿಲರನ್ನು ಸೇರಿಸಿಕೊಂಡದ್ದು ಯಾಕೆ? ಮಾತುಕತೆ, ಷರತ್ತು, ಲೋಕಸಭೆಗೂ ಅವರು ನಿಲ್ಲುತ್ತಾರೆಂಬ ಮಾತು, ಕೊನೆಗೆ ಸೇರ್ಪಡೆ, ಇಷ್ಟೆಲ್ಲ ರಗಳೆ ಯಾಕೆ ಬೇಕಿತ್ತು? ಈಶ್ವರಪ್ಪನವರನ್ನು ಆರು ವರ್ಷ ಉಚ್ಚಾಟಿಸಿದ ಹಾಗೆ ಇಲ್ಲೂ ಬಾಗಿಲು ಹಾಕಿ ಕೂರಬಹುದಿತ್ತಲ್ಲ.

ಮಾಸ್ಟ್ರು: ಈ ಎರಡು ಪ್ರಕರಣದ ನಡುವಿನ ವ್ಯತ್ಯಾಸದಲ್ಲೇ ಪಕ್ಷಗಳ ಇಡೀ ಲೆಕ್ಕಾಚಾರ ಇದೆ. ಹೊರಗಿನವನು ಎಷ್ಟು ಮತ ತೆಗೆದ ಎಂದು ಪಕ್ಷ ಮೊದಲು ಕೇಳುವುದಿಲ್ಲ, ಅವನಿಂದ ತಾನು ಸೋತೆನೇ ಎಂದು ಕೇಳುತ್ತದೆ. ಶಿವಮೊಗ್ಗದಲ್ಲಿ ಬಿಜೆಪಿ ಸೋಲಲಿಲ್ಲ, ಹಾಗಾಗಿ ಕರೆಯುವ ಅವಸರವೂ ಇರಲಿಲ್ಲ. ಪುತ್ತೂರಿನಲ್ಲಿ ಸೋತಿತು, ಅದೂ ಜಿಲ್ಲೆಯ ಎಂಟರಲ್ಲಿ ಆರು ಗೆದ್ದ ಚುನಾವಣೆಯಲ್ಲಿ. ಪುತ್ತೂರಿನಲ್ಲೇ ಇದಕ್ಕೆ ಹಳೆಯ ಉದಾಹರಣೆ ಇದೆ. 2004ರಲ್ಲಿ ಬಿಜೆಪಿಯಿಂದ ಗೆದ್ದ ಶಕುಂತಳಾ ಶೆಟ್ಟಿಯವರಿಗೆ 2008ರಲ್ಲಿ ಟಿಕೆಟ್ ಸಿಗಲಿಲ್ಲ. ಅವರು ಪಕ್ಷದ ಹೊರಗೆ ನಿಂತರು, ಆದರೂ ಬಿಜೆಪಿಯ ಮಲ್ಲಿಕಾ ಪ್ರಸಾದ್ ಗೆದ್ದರು. ಅವರನ್ನು ಬಿಟ್ಟೂ ಗೆಲ್ಲಬಹುದೆಂದು ಪಕ್ಷಕ್ಕೆ ಗೊತ್ತಾದ ಮೇಲೆ ಯಾರು ಕರೆಯುತ್ತಾರೆ? ಅವರು ಕಾಂಗ್ರೆಸ್ಸಿಗೆ ಹೋದರು, 2013ರಲ್ಲಿ ಅದೇ ಕ್ಷೇತ್ರದಲ್ಲಿ ಗೆದ್ದೂ ಬಿಟ್ಟರು. ರಾಜ್ಯಮಟ್ಟಕ್ಕೆ ಬಂದರೂ ಕತೆ ಇದೇ. 2013ರಲ್ಲಿ ಬಿಜೆಪಿ ಬಿಟ್ಟಿದ್ದ ಯಡಿಯೂರಪ್ಪನವರ ಕೆಜೆಪಿ ಗೆದ್ದದ್ದು ಆರೇ ಸ್ಥಾನ, ಆದರೆ ಹತ್ತಿರ ಹತ್ತಿರ ಶೇಕಡಾ ಹತ್ತು ಮತ ತೆಗೆದು ಬಿಜೆಪಿಯನ್ನು 40ಕ್ಕೆ ಇಳಿಸಿತು. 2014ರ ಜನವರಿಯಲ್ಲಿ ಅವರು ಮರಳಿ ಬಂದರು, ಆ ವರ್ಷ ಬಿಜೆಪಿಗೆ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 17 ಸಿಕ್ಕಿತು. ಗಾಲಿ ಜನಾರ್ದನ ರೆಡ್ಡಿ 2023ರ ಚುನಾವಣೆಗೆ ಮುಂಚೆ ಸ್ವಂತ ಪಕ್ಷ ಕಟ್ಟಿದರು. ಬಳ್ಳಾರಿ ನಗರದಲ್ಲಿ ಅವರ ಪತ್ನಿ ಎರಡನೆಯವರು, ಬಿಜೆಪಿಯಲ್ಲಿದ್ದ ಸ್ವಂತ ಸಹೋದರ ಮೂರನೆಯವರು, ಗೆದ್ದದ್ದು ಕಾಂಗ್ರೆಸ್. 2024ರ ಮಾರ್ಚಿನಲ್ಲಿ, ಪುತ್ತಿಲರು ಸೇರಿದ ತಿಂಗಳಲ್ಲೇ, ಅವರ ಪಕ್ಷವೂ ಬಿಜೆಪಿಯಲ್ಲಿ ವಿಲೀನವಾಯಿತು.

ಇನ್ನು, ಕರೆದದ್ದು ಮತಕ್ಕಾಗಿ ಎಂದು ಭಾವಿಸಬೇಡ. ಅರುವತ್ತೆರಡು ಸಾವಿರ ಮತ ಒಬ್ಬರ ಮುಖ ನೋಡಿ ಬೀಳುವುದಿಲ್ಲ. ಪಕ್ಷೇತರರಿಗೆ ಚಿಹ್ನೆ ಸಿಗುವುದೇ ಮತದಾನಕ್ಕೆ ಎರಡು ವಾರ ಇರುವಾಗ, ಅದನ್ನು ಮನೆಮನೆಗೆ ಪರಿಚಯಿಸಬೇಕು. ಮತದಾರರ ಪಟ್ಟಿ ಹಿಡಿದು ಯಾರು ಬೆಂಗಳೂರಿನಲ್ಲಿದ್ದಾರೆ, ಯಾರು ಮುಂಬಯಿಯಿಂದ ಬರಬೇಕು ಎಂದು ಫೋನು ಮಾಡಬೇಕು, ಮುದುಕರನ್ನು ರಿಕ್ಷಾದಲ್ಲಿ ಬೂತಿಗೆ ತರಬೇಕು, ಸಂಜೆಯವರೆಗೆ ಏಜೆಂಟಾಗಿ ಕೂರಬೇಕು. ಪುತ್ತೂರಿನಲ್ಲಿ ಆ ಕೆಲಸ ಮಾಡಿದವರು ಹಿಂದಿನ ಚುನಾವಣೆಗಳಲ್ಲಿ ಪಕ್ಷಕ್ಕಾಗಿ ಅದೇ ಕೆಲಸ ಮಾಡಿದ್ದವರು. ಕರಾವಳಿಯಲ್ಲಿ ಬೂತಿನ ಹುಡುಗ ಬರೀ ಬೂತಿನ ಹುಡುಗನಲ್ಲ ಎನ್ನುವುದು ನಿನಗೆ ಹೇಳಬೇಕಾಗಿಲ್ಲ. ಅವನೇ ಭಜನಾ ಮಂಡಳಿಯಲ್ಲಿ, ಅವನೇ ಶಾರದೋತ್ಸವ ಸಮಿತಿಯಲ್ಲಿ, ದೇವಸ್ಥಾನದ ಬ್ರಹ್ಮಕಲಶ ಬಂದರೆ ಹೊರೆಕಾಣಿಕೆಗೆ ಲಾರಿ ಹೊಂದಿಸುವವನೂ ಅವನೇ. ಅವನು ಮುನಿಸಿಕೊಂಡು ಕೂತರೆ ಪಕ್ಷದ ಕೈಯಿಂದ ಒಂದು ಮತ ಹೋದ ಹಾಗಲ್ಲ, ಒಂದು ಓಣಿಯೇ ಹೋಗುತ್ತದೆ. ಪುತ್ತಿಲ ಪರಿವಾರ ಚುನಾವಣೆ ಮುಗಿದ ಮೇಲೂ ಚದುರಲಿಲ್ಲ, ಸ್ಥಳೀಯ ಉಪಚುನಾವಣೆಗಳಿಗೂ ಇಳಿಯಿತು. ಪಕ್ಷಕ್ಕೆ ಬಿಸಿ ತಟ್ಟಿದ್ದು ಅದರಿಂದ. ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯೇ ಇರುವುದಿಲ್ಲ ನೋಡು. ಅಲ್ಲಿ ಅಧಿಕೃತ ಪಕ್ಷವೂ ಬಂಡಾಯದವರೂ ಒಂದೇ ನೆಲದ ಮೇಲೆ ನಿಲ್ಲಬೇಕು, ಮೋದಿಯವರ ಪ್ರಶ್ನೆ ಅಲ್ಲಿ ಬರುವುದಿಲ್ಲ. ಮತ ತಾನಾಗಿ ಬರುವುದು ದೊಡ್ಡ ಚುನಾವಣೆಯಲ್ಲಿ ಮಾತ್ರ. ಚಿಕ್ಕ ಚುನಾವಣೆಗೆ ಕಾರ್ಯಕರ್ತನೇ ಬೇಕು, ಅವನನ್ನು ಕರೆತರಲು ಅವನ ನಾಯಕನನ್ನು ಕರೆತರಬೇಕು.

ಕಾರ್ಯಕರ್ತ: ನಾಯಕ ಬಂದರೆ ಹಿಂದಿನವರೆಲ್ಲ ಬರುತ್ತಾರೆಂದು ಏನು ಖಾತ್ರಿ? ಬೆಳ್ತಂಗಡಿಯ ವಸಂತ ಬಂಗೇರರನ್ನೇ ತೆಗೆದುಕೊಳ್ಳಿ. ಬಿಜೆಪಿಯಿಂದ ಎರಡು ಸಲ, ಜನತಾದಳದಿಂದ ಒಂದು ಸಲ, ಕಾಂಗ್ರೆಸ್ಸಿನಿಂದ ಎರಡು ಸಲ ಶಾಸಕರಾದರು. 1985ರಲ್ಲಿ ಬಿಜೆಪಿ ಇಡೀ ರಾಜ್ಯದಲ್ಲಿ ಗೆದ್ದದ್ದು ಎರಡೇ ಸ್ಥಾನ, ಅದರಲ್ಲಿ ಒಂದು ಅವರದ್ದು. ಅವರ ಹಿಂದೆ ಹೋದವರು ಹೋದರು ಸರಿ. ಆದರೆ ಅವರು ಬಿಟ್ಟು ಹೋದ ಬಿಜೆಪಿಯೂ ಬೆಳ್ತಂಗಡಿಯಲ್ಲಿ ಬೆಳೆಯಿತಲ್ಲ? 1999ರಲ್ಲೂ 2004ರಲ್ಲೂ ಅದೇ ಪಕ್ಷದಿಂದ ಗೆದ್ದದ್ದು ಅವರ ಸ್ವಂತ ತಮ್ಮ ಪ್ರಭಾಕರ ಬಂಗೇರ. ಈಗ ಹರೀಶ್ ಪೂಂಜ ಎರಡು ಸಲ ಗೆದ್ದಿದ್ದಾರೆ.

ಮಾಸ್ಟ್ರು: ಒಳ್ಳೆಯ ಮಾತು ಹೇಳಿದೆ, ಇದಕ್ಕೆ ನನ್ನ ವಾದವನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ವ್ಯಕ್ತಿಯ ಹಿಂದೆ ಹೋಗುವವರು ಬೇರೆ, ಪಕ್ಷದೊಳಗಿನ ಜಗಳದಲ್ಲಿ ವ್ಯಕ್ತಿಯ ಪರ ನಿಲ್ಲುವವರು ಬೇರೆ. ಬಂಗೇರರದ್ದು ಮೊದಲ ಬಗೆ. ಅವರ ಬಾಗಿಲಿಗೆ ಹೋದರೆ ಕೆಲಸವಾಗುತ್ತದೆ ಎಂದು ನಂಬಿದವರು ಅವರು ಯಾವ ಬಾವುಟ ಹಿಡಿದರೂ ಹೋದರು, ಅಂಥವರನ್ನು ಯಾವ ಪಕ್ಷವೂ ಪೂರ್ತಿ ತನ್ನವರಾಗಿಸಿಕೊಳ್ಳಲಿಲ್ಲ. ನಮ್ಮ ಮೂಡುಬಿದಿರೆಯ ಅಮರನಾಥ ಶೆಟ್ಟರದ್ದೂ ಹೆಚ್ಚುಕಡಿಮೆ ಹಾಗೆಯೇ. ಜನತಾ ಪಕ್ಷ, ಜನತಾದಳದಿಂದ ಮೂರು ಬಾರಿ ಗೆದ್ದು ಮಂತ್ರಿಯೂ ಆದರು. ದಳ ಕರಗಿತು, 1999ರಿಂದ ಕಾಂಗ್ರೆಸ್ಸಿನ ಅಭಯಚಂದ್ರ ಜೈನ್ ಸತತ ನಾಲ್ಕು ಬಾರಿ ಗೆದ್ದರು, ಆಮೇಲೆ ಕ್ಷೇತ್ರ ಬಿಜೆಪಿಗೆ ಹೋಯಿತು. ಶೆಟ್ಟರ ಬೆಂಬಲಿಗರಿಗೆಂದು ಯಾರೂ ವಿಲೀನದ ಸಭೆ ಮಾಡಲಿಲ್ಲ. ಒಬ್ಬೊಬ್ಬರೇ, ಒಂದೊಂದು ಚುನಾವಣೆಗೆ, ಸಹಕಾರಿ ಸಂಘದ ಒಂದೊಂದು ಪಟ್ಟಿಗೆ ಎಂಬ ಹಾಗೆ ಎರಡು ಕಡೆಗೂ ಹಂಚಿಹೋದರು. ಪುತ್ತೂರಿನವರು ಎರಡನೆಯ ಬಗೆ. ಜಗಳ ಮುಗಿದರೆ ಅವರಿಗೆ ಹೊರಗೆ ಇರಲು ಕಾರಣವಿಲ್ಲ. ಹೊರಗಿನವರನ್ನು ಗೆಲ್ಲಲು ಪಕ್ಷಗಳಿಗೆ ಬೇಕಾದ ಮೊದಲ ಜಾಣತನ ಈ ಎರಡು ಬಗೆಯವರನ್ನು ಬೇರೆ ಮಾಡಿ ನೋಡುವುದು.

ಕಾರ್ಯಕರ್ತ: ಜಗಳ ಮುಗಿಸುವುದೆಂದರೆ ಏನು? ಹುದ್ದೆ ಕೊಡುವುದು ಅಂತ ನೇರ ಹೇಳಿಬಿಡಿ. ಆದರೆ ಅದು ನಮಗೆ ಅವಮಾನ, ಮಾಸ್ಟ್ರೇ. ಪುತ್ತೂರಿನಲ್ಲಿ ಕೈಯಿಂದ ಹಣ ಹಾಕಿ ಓಡಾಡಿದ ಹುಡುಗರಿಗೆ ಯಾವ ಹುದ್ದೆಯೂ ಬೇಕಿರಲಿಲ್ಲ.

ಮಾಸ್ಟ್ರು: ಹುದ್ದೆ ಎಂದರೆ ದುರಾಸೆ ಎಂದು ನೀನೇ ಅರ್ಥ ಮಾಡಿಕೊಂಡೆ, ನಾನು ಹಾಗೆ ಹೇಳಿಲ್ಲ. ಪಕ್ಷಕ್ಕಾಗಿ ಇಪ್ಪತ್ತು ವರ್ಷ ದುಡಿದವನಿಗೆ ಅಭ್ಯರ್ಥಿ ಯಾರೆಂದು ಟಿವಿಯಲ್ಲಿ ಗೊತ್ತಾಗುತ್ತದೆ. ಅವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆ ನೋವಿಗೆ ಪಕ್ಷದಲ್ಲಿ ಇರುವ ಮದ್ದು ಒಂದೇ, ಮಾತು ಕೇಳಿಸುವ ಒಂದು ಜಾಗ ಕೊಡುವುದು. ಅಂಥ ಜಾಗಗಳು ಎಷ್ಟಿವೆ ಎಂದು ಎಣಿಸಿ ನೋಡು. ಸರಕಾರ ಕೈಯಲ್ಲಿದ್ದರೆ ನಿಗಮ–ಮಂಡಳಿ ಇದೆ, ಶಾಸಕರು ಅಧ್ಯಕ್ಷರಾಗಿರುವ ಅಕ್ರಮ–ಸಕ್ರಮ ಸಮಿತಿಗೆ ನಾಮನಿರ್ದೇಶನ ಇದೆ, ಮುಜರಾಯಿ ದೇವಸ್ಥಾನಗಳ ವ್ಯವಸ್ಥಾಪನಾ ಸಮಿತಿ ಇದೆ. 2023ರ ಮೇ ನಂತರ ಇವು ಯಾವುವೂ ಬಿಜೆಪಿಯ ಕೈಯಲ್ಲಿ ಇರಲಿಲ್ಲ. ಉಳಿದದ್ದು ಪಕ್ಷದ ಮಂಡಲ ಸಮಿತಿ, ಸಹಕಾರಿ ಸಂಘದ ನಿರ್ದೇಶಕತ್ವ, ಮತ್ತೆ ಜಿಲ್ಲಾ–ತಾಲೂಕು ಪಂಚಾಯತಿ. ಈ ಕೊನೆಯದೇ ನಿಜವಾದ ಏಣಿ. ಸ್ವತಃ ಆಶಾ ತಿಮ್ಮಪ್ಪ ಗೌಡರು ಜಿಲ್ಲಾ ಪಂಚಾಯತಿ ಅಧ್ಯಕ್ಷೆಯಾಗಿದ್ದವರು. ಆದರೆ 2016ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಚುನಾವಣೆ ಮುಂದೆ ಹೋಗುತ್ತಲೇ ಇತ್ತು. ಬಿಜೆಪಿ ಸರಕಾರವೂ ನಡೆಸಲಿಲ್ಲ, ಆಮೇಲೆ ಬಂದ ಕಾಂಗ್ರೆಸ್ ಸರಕಾರವೂ ಅವಸರ ತೋರಿಸಲಿಲ್ಲ. ಜಿಲ್ಲೆ ಜಿಲ್ಲೆಯಲ್ಲಿ ನೂರಾರು ಕಾರ್ಯಕರ್ತರಿಗೆ ಸಿಗಬಹುದಾಗಿದ್ದ ಕುರ್ಚಿಗಳು ಖಾಲಿಯಾಗಿ, ಎಲ್ಲರ ಕಣ್ಣೂ ಒಂದೇ ವಿಧಾನಸಭಾ ಟಿಕೆಟ್ಟಿನ ಮೇಲೆ ಬಿತ್ತು. 2023ರ ಬಂಡಾಯಕ್ಕೆ ಇದೊಂದೇ ಕಾರಣ ಎನ್ನಲಾರೆ. ಆದರೆ ಬಂಡಾಯದ ಮಾತು ಬಂದಾಗ ಜಾತಿ, ಹಣ, ನಾಯಕರ ಹಟ ಎಲ್ಲ ಚರ್ಚೆಯಾಗುತ್ತದೆ, ಇದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಕಾರ್ಯಕರ್ತ: ಲೋಕಸಭಾ ಅಭ್ಯರ್ಥಿಯನ್ನು ಬದಲಾಯಿಸಿದ್ದನ್ನು ನೀವು ಬಿಟ್ಟಿರಿ. ಮೂರು ಬಾರಿ ಗೆದ್ದ ನಳಿನ್ ಕುಮಾರ್ ಕಟೀಲರ ಬದಲು ಹೊಸ ಮುಖ ಬಂತು. ಪಟ್ಟಿ ಬಂದದ್ದು ಮಾರ್ಚ್ 13ಕ್ಕೆ, ಪುತ್ತಿಲರು ಸೇರಿದ್ದು ಅದರ ಬೆನ್ನಿಗೆ. ನಮ್ಮವರು ಅದನ್ನೇ ತಮ್ಮ ಗೆಲುವು ಅಂತ ಹೇಳುತ್ತಾರೆ.

ಮಾಸ್ಟ್ರು: ಒಂದರ ಹಿಂದೆ ಒಂದು ಬಂತೆಂದ ಮಾತ್ರಕ್ಕೆ ಒಂದರಿಂದ ಒಂದು ಬಂತೆನ್ನಲು ಆಗುವುದಿಲ್ಲ. ಆ ಸಲ ಬಿಜೆಪಿ ರಾಜ್ಯದಲ್ಲಿ ಹಲವು ಹಾಲಿ ಸಂಸದರನ್ನು ಬದಲಾಯಿಸಿತು. ಒಂದನ್ನು ಒಪ್ಪುತ್ತೇನೆ: ಯಾರ ಮೇಲೆ ಸಿಟ್ಟಿತ್ತೋ ಅವರು ಮತಪತ್ರದಲ್ಲಿ ಇಲ್ಲದಿದ್ದರೆ ಮರಳುವವನಿಗೆ ಮರಳಲು ಮುಖ ಉಳಿಯುತ್ತದೆ. ಆದರೆ ಮುಖ ಬದಲಾಯಿಸುವುದು ಬೇರೆ, ಬೇಡಿಕೆ ಒಪ್ಪುವುದು ಬೇರೆ. ಅಮೆರಿಕದಲ್ಲಿ 1992ರಲ್ಲಿ ರಾಸ್ ಪೆರೋ ಎಂಬ ಪಕ್ಷೇತರ ಉದ್ಯಮಿ ಅಧ್ಯಕ್ಷ ಚುನಾವಣೆಯಲ್ಲಿ ಶೇಕಡಾ 19ರ ಹತ್ತಿರ ಮತ ತೆಗೆದ. ಎರಡು ವರ್ಷದ ಮೇಲೆ ರಿಪಬ್ಲಿಕನ್ನರು ಅವನ ಬೆಂಬಲಿಗರಿಗೆ ಪ್ರಿಯವಾಗಿದ್ದ ಸರಿತೂಗುವ ಬಜೆಟ್, ಪ್ರತಿನಿಧಿಗಳ ಅವಧಿಗೆ ಮಿತಿ, ಇಂಥ ಬೇಡಿಕೆಗಳನ್ನು ತಮ್ಮ ಪ್ರಣಾಳಿಕೆಯಲ್ಲೇ ಬರೆದು ಮುಂದಿಟ್ಟರು, ನಲವತ್ತು ವರ್ಷಗಳ ನಂತರ ಕೆಳಮನೆ ಗೆದ್ದರು. ಪೆರೋನನ್ನು ಪಕ್ಷಕ್ಕೆ ಕರೆಯುವ ಅಗತ್ಯವೇ ಬೀಳಲಿಲ್ಲ. ಕೊಟ್ಟ ಮಾತೆಲ್ಲ ನಡೆಯಿತೆಂದಲ್ಲ, ಆದರೆ ಮಾತು ಬರಹದಲ್ಲಿತ್ತು, ತಪ್ಪಿದರೆ ಕೇಳಬಹುದಿತ್ತು. ಪುತ್ತೂರಿನವರ ಬೇಡಿಕೆ ಏನಿತ್ತು? ಅಭ್ಯರ್ಥಿ ಆಯ್ಕೆಯಲ್ಲಿ ಕಾರ್ಯಕರ್ತನ ಮಾತು ನಡೆಯಬೇಕು ಎನ್ನುವುದು. ಆ ಬಗ್ಗೆ ಯಾವ ನಿಯಮ ಬದಲಾಯಿತು? ಹೊಸ ಅಭ್ಯರ್ಥಿಯ ಹೆಸರೂ ಹಳೆಯ ದಾರಿಯಲ್ಲೇ, ದೆಹಲಿಯ ಪಟ್ಟಿಯಲ್ಲೇ ಬಂತು. ಹೆಸರು ಹಿಡಿಸಿತು, ಅಷ್ಟೆ.

ಕಾರ್ಯಕರ್ತ: ಹೊರಗಿನವರು ಗೆದ್ದುಬಿಟ್ಟರೆ? ಆಗ ಮಾತುಕತೆಯಲ್ಲಿ ಅವರ ಕೈ ಮೇಲಿರುತ್ತದೆ ಅಲ್ವಾ? ಮಂಡ್ಯದಲ್ಲಿ ಸುಮಲತಾ ಪಕ್ಷೇತರರಾಗಿ ಗೆದ್ದರಲ್ಲ.

ಮಾಸ್ಟ್ರು: ಮಂಡ್ಯವನ್ನು ನೋಡಿದರೆ ನನಗೆ ಇನ್ನೂ ಬೇಸರವಾಗುತ್ತದೆ. 2019ರ ಲೋಕಸಭಾ ಚುನಾವಣೆಯಲ್ಲಿ ಅವರು ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿಯವರನ್ನು 1,25,876 ಮತಗಳಿಂದ ಸೋಲಿಸಿದರು. ಬಿಜೆಪಿ ಅಲ್ಲಿ ಅಭ್ಯರ್ಥಿಯನ್ನೇ ಹಾಕದೆ ಬೆಂಬಲಿಸಿತು. ಹೊರಗಿನವರ ಬೆಂಬಲಿಗರನ್ನು ಗೆಲ್ಲಲು ಅದೂ ಒಂದು ದಾರಿ, ಎಲ್ಲಕ್ಕಿಂತ ಅಗ್ಗದ ದಾರಿ. ರೈತಸಂಘದವರು ಜತೆಗಿದ್ದರು, ಜೆಡಿಎಸ್ ಜತೆಗಿನ ಮೈತ್ರಿಯನ್ನು ಒಪ್ಪದ ಕಾಂಗ್ರೆಸ್ ಕಾರ್ಯಕರ್ತರೂ ದುಡಿದರು. ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ ಪಕ್ಷೇತರರಾಗಿ ಗೆದ್ದವರು ಆಮೇಲೆ ಪಕ್ಷ ಸೇರಿದರೆ ಸದಸ್ಯತ್ವ ಹೋಗುತ್ತದೆ, ಅದಕ್ಕೇ ಗೆದ್ದವರೆಲ್ಲ 'ಬೆಂಬಲ' ಎನ್ನುತ್ತಾರೆ, 'ಸೇರ್ಪಡೆ' ಎನ್ನುವುದಿಲ್ಲ. ಅವರೂ 2023ರಲ್ಲಿ ಬಿಜೆಪಿಗೆ ಬೆಂಬಲವೆಂದರು, ಸೇರಿದ್ದು 2024ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಬಿಜೆಪಿ ಆ ಸೀಟನ್ನು ಜೆಡಿಎಸ್‌ಗೆ ಬಿಟ್ಟುಕೊಟ್ಟಾಗಿತ್ತು. ಐದು ವರ್ಷದ ಹಿಂದೆ ಯಾವ ಕುಟುಂಬದವರನ್ನು ಸೋಲಿಸಲು ಏಳು ಲಕ್ಷ ಜನ ಮತ ಹಾಕಿದ್ದರೋ ಆ ಕುಟುಂಬದ ಕುಮಾರಸ್ವಾಮಿಯವರೇ 2,84,620 ಮತಗಳ ಅಂತರದಲ್ಲಿ ಗೆದ್ದರು. ಆ ಏಳು ಲಕ್ಷ ಜನರನ್ನು ಯಾರಾದರೂ ಕೇಳಿದರೇ?

ಇದಕ್ಕೆ ಇನ್ನೊಂದು ಮುಖವೂ ಇದೆ. ಗೌರಿಬಿದನೂರಿನಲ್ಲಿ 2023ರಲ್ಲಿ ಪಕ್ಷೇತರರಾಗಿ ಗೆದ್ದ ಪುಟ್ಟಸ್ವಾಮಿಗೌಡರು ಸೋಲಿಸಿದ್ದು ಕಾಂಗ್ರೆಸ್ಸಿನ ಅಭ್ಯರ್ಥಿಯನ್ನು, ಗೆದ್ದ ಮೇಲೆ ಬೆಂಬಲಿಸಿದ್ದು ಕಾಂಗ್ರೆಸ್ಸನ್ನೇ. ಸೋತ ಅಭ್ಯರ್ಥಿಯ ಪರ ಬೂತಿನಲ್ಲಿ ಕೂತವನ ಗತಿ ಏನು? ಪುತ್ತೂರಿನಲ್ಲೂ 37,558 ಜನ ಗಾಳಿ ಎತ್ತ ಬೀಸುತ್ತದೆಂದು ಗೊತ್ತಿದ್ದೂ ಪಕ್ಷದ ಚಿಹ್ನೆ ಬಿಡಲಿಲ್ಲ. ಬಿಟ್ಟುಹೋದವರಿಗೆ ಮಣೆ ಹಾಕುವಾಗ ಉಳಿದವರಿಗೆ ಏನು ಹೇಳಿದರು? ಬಂಡೆದ್ದರೆ ಕರೆಯುತ್ತಾರೆ, ಸುಮ್ಮನಿದ್ದರೆ ಮರೆಯುತ್ತಾರೆ ಎಂದು ಅವರು ತಿಳಿದುಕೊಂಡರೆ ಮುಂದಿನ ಬಂಡಾಯಗಾರ ಅವರಲ್ಲೇ ಹುಟ್ಟುತ್ತಾನೆ.

ಕಾರ್ಯಕರ್ತ: ನಾಯಕನೇ ಇಲ್ಲದ ಮತವೂ ಇದೆಯಲ್ಲ ಮಾಸ್ಟ್ರೇ. 2024ರಲ್ಲಿ ನಮ್ಮ ಜಿಲ್ಲೆಯಲ್ಲಿ ನೋಟಾಕ್ಕೆ ಇಪ್ಪತ್ತಮೂರು ಸಾವಿರಕ್ಕಿಂತ ಹೆಚ್ಚು ಮತ ಬಿತ್ತು, ರಾಜ್ಯದಲ್ಲೇ ಅತಿ ಹೆಚ್ಚು. ಬೆಳ್ತಂಗಡಿ ತಾಲೂಕಿನ 2012ರ ಅತ್ಯಾಚಾರ–ಕೊಲೆ ಪ್ರಕರಣಕ್ಕೆ ನ್ಯಾಯ ಕೇಳಿದ ಹೋರಾಟಗಾರರು ನೋಟಾ ಒತ್ತಿ ಅಂತ ಕರೆ ಕೊಟ್ಟಿದ್ದರು.

ಮಾಸ್ಟ್ರು: ಆ ಮತದ ಮುಂದೆ ಪಕ್ಷಗಳ ಕೈ ಕಟ್ಟಿಹೋಗುತ್ತದೆ. ಶಾಲು ಹೊದಿಸಿ ವೇದಿಕೆಗೆ ಹತ್ತಿಸಲು ಅಲ್ಲಿ ಅಭ್ಯರ್ಥಿಯೇ ಇಲ್ಲ. ಕೇಳಿದ್ದನ್ನು ಮಾಡಿ ತೋರಿಸಬೇಕು, ಬೇರೆ ದಾರಿ ಇಲ್ಲ. ಹಾಗೆಂದು ನೋಟಾವೇ ಉತ್ತರ ಎನ್ನುವವನು ನಾನಲ್ಲ. ಗೆದ್ದವರ ಅಂತರ ಲಕ್ಷ ದಾಟಿದ ಕಡೆ ಇಪ್ಪತ್ತಮೂರು ಸಾವಿರವನ್ನು ಮರೆಯುವುದು ಸುಲಭ.

ಕಾರ್ಯಕರ್ತ: ಹಾಗಾದರೆ ಹೊರಗೆ ನಿಂತು ದುಡಿದವನು ಮಾಡಬೇಕಾದ್ದು ಏನು? ಮರಳಲೇಬಾರದೇ?

ಮಾಸ್ಟ್ರು: ಮರಳಲಿ, ಯಾಕೆ ಮರಳಬಾರದು? ಪಕ್ಷದ ವಿಚಾರ ಒಪ್ಪಿದವನು ಪಕ್ಷದೊಳಗೆ ಇರುವುದೇ ಸರಿ. ಆದರೆ ಸೋಲಿಸುವ ಶಕ್ತಿ ಇದೆಯೆಂದು ಪಕ್ಷ ನಂಬಿರುವಷ್ಟು ದಿನ ಮಾತ್ರ ಅವನ ಮಾತಿಗೆ ಬೆಲೆ. ಮುಂದಿನ ದೊಡ್ಡ ಚುನಾವಣೆಯ ಫಲಿತಾಂಶ ಬಂದ ದಿನ ಅದು ಮುಗಿಯುತ್ತದೆ. ಅಷ್ಟರೊಳಗೆ ನಾಯಕನಿಗೆ ಯಾವ ಹುದ್ದೆ ಎಂದು ಕೇಳುವುದನ್ನು ಬಿಟ್ಟು ಎರಡು ವಿಷಯ ಹಿಡಿದು ಕೂರಿ: ಮುಂದಿನ ಸಲ ಅಭ್ಯರ್ಥಿಯ ಹೆಸರು ಕಳಿಸುವ ಮೊದಲು ಬೂತಿನವರ ಅಭಿಪ್ರಾಯ ಹೇಗೆ ತೆಗೆದುಕೊಳ್ಳುತ್ತೀರಿ ಎಂಬುದು ಬರಹದಲ್ಲಿ ಬರಲಿ, ಜಿಲ್ಲಾ–ತಾಲೂಕು ಪಂಚಾಯತಿ ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ನಡೆಸುತ್ತೇವೆಂದು ನಿಮ್ಮ ಪಕ್ಷವೂ ಎದುರು ಪಕ್ಷವೂ ಬಾಯಿಬಿಟ್ಟು ಹೇಳಲಿ. ಪುತ್ತೂರಿನ ವಿಲೀನದ ದಿನ ಈ ಎರಡರಲ್ಲಿ ಒಂದೂ ವೇದಿಕೆಯ ಮೇಲೆ ಬರಲಿಲ್ಲ.